ಪಂಚಮಿಯ ಹಾಲು

ಕ್ವಾಲಾಲಂಪುರ
ಗುರುವಾರ, ೨೪ ಜುಲೈ ೨೦೨೫

ಕವನ,

ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿನ ಬಾಗಿಲಲ್ಲಿ ನೀನು ಮುಖ ತಿರುಗಿಸಿಕೊಂಡು ನಿಂತಿದ್ದೆ. ಮಗಳು ಕೈ ಬೀಸದಿದ್ದರೂ ವಿಮಾನ ಹಾರುತ್ತದೆ ಎಂದು ಅವತ್ತು ಗೊತ್ತಾಯಿತು. ಬೆಂಗಳೂರಿನಲ್ಲಿ ಇಳಿದು, ಇನ್ನೊಂದು ವಿಮಾನ ಹತ್ತಿ, ಈ ದಿನ ಬೆಳಿಗ್ಗೆ ಇಲ್ಲಿಗೆ ಬಂದು ಸೇರಿದೆವು. ನನ್ನ ಬಟನ್ ಫೋನು ಇಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೇ ಹಾಳೆಯಲ್ಲಿ ಬರೆದಿದ್ದೇನೆ. ದಿವ್ಯಶ್ರೀ ಇದರ ಫೋಟೋ ತೆಗೆದು ನಿನಗೆ ವಾಟ್ಸಾಪ್ ಮಾಡುತ್ತಾಳೆ. ನೀನೂ ಹಾಗೇ ಬರೆದು ಅವಳ ಫೋನಿಗೆ ಕಳಿಸು. ಅವಳ ಫೋನಿನಲ್ಲಿ ಮಾತೇ ಆಡಬಹುದಿತ್ತು, ಆದರೆ ನೀನು ಮತ್ತೆ ಜಗಳ ತೆಗೆಯುತ್ತೀಯ. ಕಾಗದವಾದರೆ ಬೇಕಾದಷ್ಟು ಓದಿ ಸುಮ್ಮನಿರಬಹುದು.

"ಅವರು ನಿನ್ನನ್ನ ಊರು ತೋರ್ಸಕ್ಕೆ ಕರ್ಕೊಂಡು ಹೋಗ್ತಿಲ್ಲಮ್ಮ, ಅಡಿಗೆ ಮಾಡ್ಸಕ್ಕೆ ಕರ್ಕೊಂಡು ಹೋಗ್ತಿದಾರೆ" ಎಂದೆಯಲ್ಲ, ಅದೂ ಪಕ್ಕದ ಮನೆಯ ಪಳನಿಯಮ್ಮನ ಎದುರಿಗೆ. ಆ ಮಾತು ನನಗೆ ಇನ್ನೂ ಇಳಿದಿಲ್ಲ. ಶಶಿ ನನ್ನ ತಮ್ಮ. ನಮ್ಮಮ್ಮ ಹೋದಾಗ ಅವನಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಸೊಂಟದಿಂದ ಇಳಿಸದೆ ಬೆಳೆಸಿದವಳು ನಾನು. ಅವನು ವಿನೋಬನಗರದಲ್ಲಿ ಮನೆ ಕಟ್ಟಿ, ಟೈಲ್ಸ್ ಅಂಗಡಿ ಇಟ್ಟು ಮುಂದೆ ಬಂದಿದ್ದಾನೆ. ಹೆಂಡತಿ ದಿವ್ಯಶ್ರೀ, ಮಕ್ಕಳ ಜೊತೆ ಅಕ್ಕನೂ ನಾಲ್ಕು ಊರು ನೋಡಲಿ ಎಂದು ತಾನೇ ಓಡಾಡಿ ಪಾಸ್‌ಪೋರ್ಟ್ ಮಾಡಿಸಿದ. ಅದು ನಿನ್ನ ಕಣ್ಣಿಗೆ ಯಾಕೆ ಚುಚ್ಚುತ್ತದೋ ಕಾಣೆ.

ನಾವು ಇಳಿದಿರುವುದು ಹೋಟೆಲಿನಲ್ಲಲ್ಲ, ಬಾಡಿಗೆ ಫ್ಲಾಟಿನಲ್ಲಿ. ನಮ್ಮ ಜೊತೆ ಬಂದಿರುವ ದಿವ್ಯಶ್ರೀಯ ತಂದೆ ಶಿವಯೋಗಪ್ಪನವರ ಸಂಗತಿ ನಿನಗೆ ಗೊತ್ತಲ್ಲ. ಲಿಂಗಪೂಜೆಯಾಗದೆ ನೀರು ಮುಟ್ಟುವುದಿಲ್ಲ, ಲಿಂಗ ಕಟ್ಟಿದವರು ಮಾಡಿದ್ದಲ್ಲದೆ ಬೇರೆ ಅಡುಗೆ ಮುಟ್ಟುವುದಿಲ್ಲ. ಅದಕ್ಕೆ ಅಡುಗೆಮನೆ ಇರುವ ಜಾಗವೇ ಬೇಕಾಯಿತು. ಇವತ್ತು ಎಲ್ಲರೂ ಸುಸ್ತಾಗಿದ್ದರು, ನಾನೇ ಅನ್ನ ಸಾರು ಮಾಡಿದೆ. ಒಂದು ದಿನ ಮಾಡಿದರೆ ಕೈ ಸವೆಯುವುದಿಲ್ಲ.

ಈ ಕಟ್ಟಡ ನೋಡಿಕೊಳ್ಳುವವರು ಮುರುಗೇಸನ್ ಅಂತ, ತಮಿಳರು. ಶಶಿ ಅವರ ಹತ್ತಿರ ತಮಿಳಿನಲ್ಲೇ ಮಾತಾಡಿದ. ಚಿಕ್ಕವನಿದ್ದಾಗ ಪಳನಿಯಮ್ಮನ ಅಂಗಳದಲ್ಲಿ ನನ್ನ ಜೊತೆ ಆಡುತ್ತಾ ಕಲಿತದ್ದು ಒಂದಕ್ಷರವೂ ಮರೆತಿಲ್ಲ. ಅವರು ನನ್ನನ್ನು ನೋಡಿ ಏನೋ ಕೇಳಿದರು, ಇವನು ಏನೋ ಹೇಳಿದ, ಕೀಲಿಕೈ ಕೊಟ್ಟರು. ದಿವ್ಯಶ್ರೀಗೂ ಮಕ್ಕಳಿಗೂ ತಮಿಳು ಬರುವುದಿಲ್ಲ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಗ್ಯಾಸು ಆಫ್ ಮಾಡಿ ಕ್ಲಿನಿಕ್ಕಿಗೆ ಹೋಗು.

ಅಮ್ಮ


ನ್ಯೂ ಟೌನ್, ಭದ್ರಾವತಿ
ಶುಕ್ರವಾರ, ೨೫ ಜುಲೈ

ಅಮ್ಮಾ,

ಗ್ಯಾಸು ಆಫ್ ಮಾಡಿಯೇ ಹೋಗಿದ್ದೆ. ಬಸ್ಸು ರಶ್ಶಿತ್ತು, ಶಿವಮೊಗ್ಗದವರೆಗೂ ನಿಂತೇ ಹೋದೆ. ಕ್ಲಿನಿಕ್ಕಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ರಕ್ತ ತೆಗೆದಿದ್ದಾಯಿತು. ನನ್ನ ವಿಷಯ ಇಷ್ಟೇ. ಫಾರಿನ್ನಿಗೆ ಹೋದವಳು ನೀನು, ನೀನು ಬರೆಯಬೇಕು.

ಅತ್ತೆಯ ಸ್ಟೇಟಸ್ ನೋಡಿದೆ. ಜೋಡಿ ಗೋಪುರದ ಮುಂದೆ ಮಾವ, ಅತ್ತೆ, ದುಶ್ಯಂತ್, ಸಮತಾ. ಕಾರಂಜಿಯ ಮುಂದೆ ಅದೇ ನಾಲ್ಕು ಜನ. ಐಸ್‌ಕ್ರೀಮ್ ಅಂಗಡಿಯ ಮುಂದೆಯೂ ಅವರೇ. ಫೋಟೋ ದೊಡ್ಡದು ಮಾಡಿ ನಿನ್ನನ್ನು ಹುಡುಕಿದೆ, ಮೂಲೆಯಲ್ಲಾದರೂ ಸೀರೆಯ ಸೆರಗು ಕಾಣುತ್ತದೇನೋ ಅಂತ. ಕಾಣಲಿಲ್ಲ. ಇದನ್ನು ಜಗಳ ಅಂದುಕೊಳ್ಳಬೇಡ, ಸುಮ್ಮನೆ ಕೇಳುತ್ತಿದ್ದೇನೆ.

ಪಳನಿಯಮ್ಮ ನಿನ್ನೆಯಿಂದ ನನ್ನ ತಲೆ ತಿನ್ನುತ್ತಿದ್ದಾರೆ. ಆ ಊರಿನ ಹತ್ತಿರ ಬೆಟ್ಟದ ಗುಹೆಯಲ್ಲಿ ಅವರ ಮುರುಗನ್ ದೇವಸ್ಥಾನ ಇದೆಯಂತೆ, ಮುಂದೆ ಚಿನ್ನದ ಬಣ್ಣದ ದೊಡ್ಡ ಮೂರ್ತಿ. ಅವರ ಮನೆಯ ಗೋಡೆಯ ಹಳೇ ಕ್ಯಾಲೆಂಡರಿನಲ್ಲಿ ಇದೆಯಲ್ಲ, ಅದೇ. "ದಾಕ್ಷಾಯಿಣಿಗೆ ಹೇಳು ಕಣೇ, ನನ್ನ ಹೆಸರಲ್ಲಿ ಒಂದು ಕೈ ಮುಗೀಲಿ, ಒಂದು ಚಿಟಿಕೆ ವಿಭೂತಿ ತರ್ಲಿ, ಸಾಕು" ಅಂದರು.

ಮಂಡಿಗೆ ಎಣ್ಣೆ ಹಚ್ಚಿಕೋ.

ಕವನ


ಕ್ವಾಲಾಲಂಪುರ
ಶನಿವಾರ, ೨೬ ಜುಲೈ

ಕವನ,

ಫೋಟೋದಲ್ಲಿ ನಾನು ಹೇಗೆ ಕಾಣುತ್ತೇನೆ ಮಾರಾಯ್ತಿ, ಫೋಟೋ ತೆಗೆದವಳೇ ನಾನು. "ಅಕ್ಕ, ಇಲ್ಲಿ ಒತ್ತಿ" ಎಂದು ದಿವ್ಯಶ್ರೀ ತೋರಿಸಿಕೊಟ್ಟಳು, ಒತ್ತಿದೆ. ನೀನು ಲ್ಯಾಬಿನಲ್ಲಿ ರಕ್ತದಲ್ಲಿ ಇಲ್ಲದ್ದನ್ನೆಲ್ಲ ಹುಡುಕುತ್ತೀಯಲ್ಲ, ಆ ಬುದ್ಧಿಯನ್ನು ನನ್ನ ತಮ್ಮನ ಮನೆಯವರ ಮೇಲೆ ಇಳಿಸಬೇಡ.

ಗೋಪುರ ನೋಡಿದೆ. ಸಂಜೆ ಅದಕ್ಕೆ ದೀಪ ಹಾಕುತ್ತಾರೆ, ಬೆಳ್ಳಿಯ ಕಳಸದ ಹಾಗೆ ಕಾಣುತ್ತದೆ. ಕೆಳಗೆ ಅಂಗಡಿಗಳಂತೆ, ಅದೆಷ್ಟು ಜನವಂತೆ, ಗಾಂಧಿ ಬಜಾರಿನ ಹಬ್ಬದ ಸಂತೆ ಏನೂ ಅಲ್ಲವಂತೆ. ದುಶ್ಯಂತ ಶೂ ಕೊಂಡ. ಸಮತಾ ಒಂದು ಬೊಂಬೆ ತಂದಿದ್ದಾಳೆ, ಅದಕ್ಕೆ ಕಣ್ಣಿದೆ, ಬಾಯಿಯಿಲ್ಲ. ದಿವ್ಯಶ್ರೀ ನನ್ನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. "ಅಕ್ಕ, ಅಲ್ಲೆಲ್ಲ ತುಂಬ ನಡೀಬೇಕು, ನಿಮ್ಮ ಮಂಡಿ ನೋವು ಜಾಸ್ತಿ ಆಗುತ್ತೆ" ಎಂದು ಹೆಜ್ಜೆ ಹೆಜ್ಜೆಗೂ ಕಾಳಜಿ.

ನಾಳೆ ಎಲ್ಲರೂ ಬೆಟ್ಟದ ದೇವಸ್ಥಾನಕ್ಕೆ ಹೋಗುವುದಿದೆ. ದಾರಿಗೆ ಚಪಾತಿ ಪಲ್ಯ ಕಟ್ಟಿಕೊಳ್ಳೋಣ ಎಂದು ಮಾತಾಗಿದೆ, ಹೊರಗೆ ಏನು ಹಾಕಿರುತ್ತಾರೋ ಯಾರಿಗೆ ಗೊತ್ತು. ಪಳನಿಯಮ್ಮನಿಗೆ ಹೇಳು, ವಿಭೂತಿ ಬರುತ್ತದೆ.

ಅಮ್ಮ


ಭದ್ರಾವತಿ
ಶನಿವಾರ ರಾತ್ರಿ, ೨೬ ಜುಲೈ

ಅಮ್ಮಾ,

ನನ್ನದು ತಪ್ಪಾಯಿತು. ಇದನ್ನು ಬರೆಯಲು ಎರಡು ಹಾಳೆ ಹರಿದೆ, ನಗಬೇಡ. ನೀನು ಹೊರಡುವಾಗ ನಾನು ಅಂದದ್ದು ಕೆಟ್ಟ ಮಾತು. ಅಪ್ಪ ತೀರಿಕೊಂಡ ಮೇಲೆ ನೀನು ರೊಟ್ಟಿ ತಟ್ಟಿ ಮಾರಿ ನನ್ನನ್ನು ಓದಿಸಿದೆ. ಈಗಲಾದರೂ ಯಾರದೋ ಒಲೆಯ ಮುಂದೆ ನಿಲ್ಲಬಾರದು ಅಂತ ನನ್ನ ಆಸೆ. ಅದು ಬಾಯಿಗೆ ಬರುವ ಹೊತ್ತಿಗೆ ಸಿಟ್ಟಾಗಿ ಬಂತು. ನೀನು ಗೋಪುರ ನೋಡಿದೆ ಎಂದು ಓದಿ ನನಗೆ ನಿಜವಾಗಿ ಖುಷಿಯಾಯಿತು.

ಕೇರಿಗೆಲ್ಲ ಹೇಳಿಬಿಟ್ಟಿದ್ದೇನೆ. ಪಳನಿಯಮ್ಮ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು, ಒರೆಸಿ, ಅರಿಶಿನ ಹಚ್ಚಿ ಮತ್ತೆ ನೇತುಹಾಕಿದ್ದಾರೆ. ಕೇಳಿದರೆ, "ನಿಮ್ಮಮ್ಮ ನಾಳೆ ಅಲ್ಲಿ ನಿಂತ್ಕೊಂಡಾಗ ನಾನು ಇಲ್ಲಿ ನಿಂತ್ಕೊಳ್ತೀನಿ" ಅನ್ನುತ್ತಾರೆ.

ಮಧ್ಯಾಹ್ನ ಸಕ್ಕರೆ ಪರೀಕ್ಷೆಗೆ ವಿನೋಬನಗರದ ಸಣ್ಣಮ್ಮ ಬಂದಿದ್ದರು, ಮದುವೆಮನೆಗಳಿಗೆ ಅಡುಗೆ ಮಾಡುತ್ತಾರಲ್ಲ, ಅವರು. ನಿನ್ನನ್ನು ಕೇಳಿದರು. ಏನೋ ಹೇಳುತ್ತಿದ್ದರು, ಬಿಡು, ನೀನು ಬಂದ ಮೇಲೆ ಮಾತಾಡೋಣ.

ಅತ್ತೆ, ನೀವೂ ಓದುತ್ತೀರಿ ಅಂತ ಗೊತ್ತು. ಅಮ್ಮನನ್ನು ಸುತ್ತಾಡಿಸುತ್ತಿರುವುದಕ್ಕೆ ಥ್ಯಾಂಕ್ಸ್. ಅವಳದೊಂದು ಫೋಟೋ ತೆಗೆದು ಕಳಿಸಿ, ಮೂರ್ತಿಯ ಮುಂದೆ ನಿಲ್ಲಿಸಿ.

ಕವನ


ಕ್ವಾಲಾಲಂಪುರ
ಭಾನುವಾರ, ೨೭ ಜುಲೈ

ಕವನ,

ಬೆಟ್ಟದ ದೇವಸ್ಥಾನಕ್ಕೆ ಹೋಗಿ ಬಂದೆವು. ಮೂರ್ತಿ ಎಷ್ಟು ಎತ್ತರ ಎಂದರೆ ಕುತ್ತಿಗೆ ಹಿಂದಕ್ಕೆ ಬಾಗಿಸಿದರೂ ಕಿರೀಟ ಕಾಣುವುದಿಲ್ಲ. ಕೈಯಲ್ಲಿ ವೇಲಾಯುಧ. ಪಕ್ಕದಲ್ಲೇ ಬೂದು ಬಣ್ಣದ ಸಿಮೆಂಟಿನ ಮೆಟ್ಟಿಲುಗಳು ಸಾಲಾಗಿ ಗುಹೆಯವರೆಗೆ, ನಡುವೆ ಕಬ್ಬಿಣದ ಕಂಬಿ. ಮೆಟ್ಟಿಲ ಬುಡದಲ್ಲಿ ಹೂ ಮಾರುವವರು. ನಾನು ಕಂಬಿ ಹಿಡಿದುಕೊಂಡು ನಿಧಾನಕ್ಕೆ ಹತ್ತಿದೆ. ಪಳನಿಯಮ್ಮನ ಹೆಸರು ಹೇಳಿ ಕೈ ಮುಗಿದೆ. ಫೋಟೋ ತೆಗೆಯುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು.

ನೀನು ತಪ್ಪಾಯಿತು ಎಂದದ್ದನ್ನು ಎರಡು ಸಲ ಓದಿದೆ. ಅಷ್ಟೊಂದು ತಪ್ಪೇನೂ ಅಲ್ಲ, ಬಿಡು.

ಮಂಗಳವಾರ ನಾಗರಪಂಚಮಿ. ಶಶಿ ಮರೆತಿಲ್ಲ. "ಎಲ್ಲೇ ಇದ್ರೂ ಅಕ್ಕನ ಕೈಲಿ ಬೆನ್ನು ತೊಳ್ಸ್ಕೊಂಡೇ ಹಬ್ಬ" ಎಂದ. ಅವನು ನಡೆಯಲು ಕಲಿತಾಗಿನಿಂದ ಒಂದು ಪಂಚಮಿಯೂ ತಪ್ಪಿಲ್ಲ. ನಿಮ್ಮಪ್ಪ ತೀರಿಕೊಂಡ ವರ್ಷವೂ ಶಶಿ ಬಂದು, ಅಂಗಿ ಬಿಚ್ಚಿ, ಬಚ್ಚಲ ಕಲ್ಲಿನ ಮೇಲೆ ಕೂತಿದ್ದ. ನಾನು ಅಳುತ್ತಲೇ ಅವನ ಬೆನ್ನಿಗೆ ಹಾಲು ಹಚ್ಚಿದ್ದೆ. ವರ್ಷಕ್ಕೊಮ್ಮೆ ನಾನು ಅವನ ಅಕ್ಕ ಎಂದು ನಾಗಪ್ಪನೂ ನೋಡುತ್ತಾನೆ. ತವರು ಅಂತ ನನಗೆ ಉಳಿದಿರುವುದು ಆ ಬೆನ್ನು ಒಂದೇ.

ಅಮ್ಮ


ಭದ್ರಾವತಿ
ಸೋಮವಾರ, ೨೮ ಜುಲೈ

ಅಮ್ಮಾ,

ನಿನ್ನ ಕಾಗದವನ್ನು ಪಳನಿಯಮ್ಮನಿಗೆ ಓದಿ ಹೇಳಿದೆ. ಅವರು ಕಣ್ಣೊರೆಸಿಕೊಂಡರು. ಅವರ ಸೊಸೆ ಮಾತ್ರ, "ಮೆಟ್ಟಿಲು ಬೂದು ಬಣ್ಣನಾ ಅಕ್ಕ?" ಎಂದು ಫೋನು ತೆಗೆದು ತೋರಿಸಿದಳು. ಆ ಮೆಟ್ಟಿಲುಗಳಿಗೆ ಬಣ್ಣ ಹೊಡೆದು ವರ್ಷಗಳೇ ಆದವಂತೆ. ಕೆಂಪು, ಹಳದಿ, ನೀಲಿ, ಹಸಿರು, ನೋಡಿದವರು ಮೊದಲು ಹೇಳುವುದೇ ಅದನ್ನು. ಬೂದು ಮೆಟ್ಟಿಲು ಇರುವುದು ಪಳನಿಯಮ್ಮನ ಗೋಡೆಯ ಮೇಲೆ. ನೀನು ಹತ್ತಿದ್ದು ಕ್ಯಾಲೆಂಡರಿನ ಮೆಟ್ಟಿಲು. ಕಬ್ಬಿಣದ ಕಂಬಿಯನ್ನೂ ಅದರಲ್ಲೇ ನೋಡಿ ನೆನಪಿಟ್ಟುಕೊಂಡಿದ್ದೀಯ.

ಪಳನಿಯಮ್ಮ ಎದ್ದು ಒಳಗೆ ಹೋದರು.

ಶನಿವಾರ ಸಣ್ಣಮ್ಮ ಹೇಳಿದ್ದನ್ನು ಈಗ ಬರೆಯುತ್ತೇನೆ. ನೀನು ಖುಷಿಯಲ್ಲಿದ್ದೀಯ ಎಂದು ಬಚ್ಚಿಟ್ಟಿದ್ದೆ. ಈ ಟೂರಿನ ಅಡುಗೆಗೆ ಮಾವ ಮೊದಲು ಅವರನ್ನೇ ಕೇಳಿದ್ದರಂತೆ, ನಮ್ಮವರೇ ಅಲ್ಲವೇ, ಶಿವಯೋಗಪ್ಪನವರು ಅವರ ಕೈಯಡುಗೆ ಊಟ ಮಾಡುತ್ತಾರೆ ಅಂತ. ಅವರು ಸಂಬಳ ಕೇಳಿದರಂತೆ. ಆಮೇಲೆ ಮಾವನಿಗೆ ಅಕ್ಕನ ನೆನಪಾಯಿತು. "ನಿಮ್ಮಮ್ಮ ನನ್ನ ಬದ್ಲಿಗೆ ಹೋದ್ರಲ್ಲ ತಾಯಿ, ಏನು ಕೊಡ್ತಾರಂತೆ?" ಎಂದು ಅವರು ನನ್ನನ್ನು ಕೇಳಿದರು. ನಾನು ಸೂಜಿ ಚುಚ್ಚಿ ರಕ್ತ ತೆಗೆದುಕೊಂಡೆ.

ಅತ್ತೆ, ಇದನ್ನೂ ನೀವೇ ಮೊದಲು ಓದುತ್ತೀರಿ. ಓದಿ. ನನ್ನ ಅಮ್ಮ ಆ ಫ್ಲಾಟಿನ ಅಡುಗೆಮನೆಯಿಂದ ಹೊರಗೆ ಒಂದು ಸಲವಾದರೂ ಬಂದಿದ್ದಾಳಾ? ನಾನು ನಿಮ್ಮಿಂದ ಬೇರೆ ಏನನ್ನೂ ಕೇಳುವುದಿಲ್ಲ. ನಾಳೆ ಹಬ್ಬದ ದಿನ ಅವಳನ್ನು ಕೆಳಗಿನ ರಸ್ತೆಗಾದರೂ ಕರೆದುಕೊಂಡು ಹೋಗಿ. ಈ ಕಾಗದವನ್ನು ಅವಳಿಗೆ ತೋರಿಸಿ.

ಅಮ್ಮಾ, ನಾಳೆ ಮಾವ ಬೆನ್ನು ಕೊಟ್ಟು ಕೂತಾಗ ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ನನಗೆ ಮಾತ್ರ ನಿನ್ನ ಮೇಲೆ ಸಿಟ್ಟಿಲ್ಲ. ಉತ್ತರ ಬರೆ.

ಕವನ


ಕ್ವಾಲಾಲಂಪುರ
ಮಂಗಳವಾರ, ೨೯ ಜುಲೈ, ಪಂಚಮಿ

ಕವನ,

ಇದು ಯಾರ ನಂಬರು ಎಂದು ಗಾಬರಿಯಾಗಬೇಡ. ಮುರುಗೇಸನ್ ಅವರ ಫೋನು. ಕೆಳಗೆ ಅವರ ಮೇಜಿನ ಹತ್ತಿರ ಕೂತು ಬರೆಯುತ್ತಿದ್ದೇನೆ. ದಿವ್ಯಶ್ರೀ ಓದದ ಮೊದಲನೆಯ ಕಾಗದ ಇದು. ನಿನ್ನೆಯೆಲ್ಲ ನಿನ್ನ ಉತ್ತರಕ್ಕೆ ಕಾದೆ. "ಏನೂ ಬಂದಿಲ್ಲ ಅಕ್ಕ, ಅವಳಿಗೆ ಕ್ಲಿನಿಕ್ಕಲ್ಲಿ ಕೆಲಸ ಇರಬೇಕು" ಎಂದಳು. ನೀನು ಮತ್ತೆ ಮುನಿಸಿಕೊಂಡಿದ್ದೀಯೋ ಏನೋ. ಮುನಿಸಿಕೊಂಡಿದ್ದರೂ ಇದನ್ನು ಓದು.

ನಾನು ಏನೂ ನೋಡಿಲ್ಲ. ಅಡುಗೆಮನೆಯ ಕಿಟಕಿಯಿಂದ ಗೋಪುರದ ತುದಿ ಕಾಣುತ್ತದೆ, ಅದೂ ಒಂದರದು ಮಾತ್ರ. ಇನ್ನೊಂದಕ್ಕೆ ಎದುರಿನ ಕಟ್ಟಡ ಅಡ್ಡ. ಫೋಟೋ ತೆಗೆದವಳೂ ನಾನಲ್ಲ. ಬೆಟ್ಟದ ದೇವಸ್ಥಾನಕ್ಕೆ ಹೋದದ್ದು ನಾನು ಕಟ್ಟಿಕೊಟ್ಟ ಚಪಾತಿ. ಶಿವಯೋಗಪ್ಪನವರಿಗೆ ನಡೆಯಲಾಗುವುದಿಲ್ಲ, ಮಧ್ಯಾಹ್ನಕ್ಕೆ ಬಿಸಿ ಅನ್ನವೇ ಆಗಬೇಕು. ಹಾಗಾಗಿ ಅವರೆಲ್ಲ ಹೊರಟ ಮೇಲೆ ನಾನು, ಆ ಮುದುಕರು, ಕುಕ್ಕರು. ಮೆಟ್ಟಿಲು ಪಳನಿಯಮ್ಮನ ಕ್ಯಾಲೆಂಡರಿನಿಂದ ಬರೆದೆ. ನೀನು ಹೇಳಿದ್ದೇ ನಿಜವಾಯಿತು ಎಂದು ದಿವ್ಯಶ್ರೀಯ ಫೋನಿನಲ್ಲಿ ಹೇಗೆ ಬರೆಯಲಿ? ಅವಳ ಫೋನಲ್ಲದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ. ನಿನ್ನೆದುರು ಸೋಲುವುದಕ್ಕೂ ನಾಚಿಕೆ.

ಮೊದಲ ದಿನದ ಮಾತು ಹೇಳಬೇಕು. ಮುರುಗೇಸನ್ ನನ್ನನ್ನು ನೋಡಿ ಏನೋ ಕೇಳಿದರು ಎಂದು ಬರೆದಿದ್ದೆನಲ್ಲ. ಏನೋ ಅಲ್ಲ, ನನಗೆ ಸರಿಯಾಗಿ ತಿಳಿದಿತ್ತು. ಆ ಫ್ಲಾಟು ಐದು ಜನಕ್ಕೆ ಕೊಡುವುದಂತೆ. ಆರನೆಯವರು ಮನೆಯವರಾದರೆ ಬಾಡಿಗೆ ಹೆಚ್ಚು, ಕೆಲಸದವರಾದರೆ ಇಲ್ಲ. ಅದನ್ನು ಹೇಳಿ ಅವರು, "ಇವರು ನಿಮ್ಮ ಅಕ್ಕನೇ ಇರಬೇಕು, ಮುಖ ಒಂದೇ ಥರ ಇದೆ" ಎಂದು ನಕ್ಕರು. ಶಶಿ ಹೇಳಿದ, "ಅಕ್ಕಾ ಇಲ್ಲ, ಸಮೈಯಲುಕ್ಕು ವಂದವಂಗ." ಅಕ್ಕ ಅಲ್ಲ, ಅಡುಗೆಗೆ ಬಂದವರು.

ನಾನು ಪಕ್ಕದಲ್ಲೇ ಅವನ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ಆ ಭಾಷೆಯನ್ನು ಅವನಿಗೆ ಕಲಿಸಿದ್ದೇ ನಾನು. ಅಮ್ಮ ಬೇಕು ಎಂದು ಅಳುತ್ತಿದ್ದವನನ್ನು ಪಳನಿಯಮ್ಮನ ಅಂಗಳಕ್ಕೆ ಎತ್ತಿಕೊಂಡು ಹೋಗಿ, ಕಾಗೆ ತೋರಿಸಿ ಕಾಕಾ, ನಾಯಿ ತೋರಿಸಿ ನಾಯ್ ಎಂದು ಹೇಳಿಕೊಟ್ಟಿದ್ದೆ. ಹೆಂಡತಿ ಮಕ್ಕಳಿಗೆ ತಿಳಿಯುವುದಿಲ್ಲ ಎಂದು ಅವನಿಗೆ ನೆನಪಿತ್ತು. ನನಗೆ ತಿಳಿಯುತ್ತದೆ ಎಂದು ನೆನಪಾಗಲಿಲ್ಲ.

ಬಾಡಿಗೆ ಉಳಿಸಲು ಬಾಯಿಗೆ ಬಂದ ಸುಳ್ಳು ಇರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ. ನಾಳೆ ಬೆಳಿಗ್ಗೆ ನನ್ನನ್ನೂ ಹೊರಡಿಸುತ್ತಾನೆ, ಆಗ ಅದು ಸುಳ್ಳೆಂದು ಆಗುತ್ತದೆ ಎಂದು ಕಾದೆ. ದಿನಾ ಬೆಳಿಗ್ಗೆ ಮಿಂದು, ಒಳ್ಳೆಯ ಸೀರೆ ಉಟ್ಟು, ಮೊದಲು ತಿಂಡಿ ಮಾಡುತ್ತಿದ್ದೆ, ಕರೆದರೆ ತಡವಾಗಬಾರದು ಅಂತ. ದಿನಾ ಅವರು ಹೋದ ಮೇಲೆ ಸೀರೆ ಬದಲಾಯಿಸುತ್ತಿದ್ದೆ. ಅವನು ಹೇಳಿದ್ದು ಸುಳ್ಳಾಗಿದ್ದರೆ ನಾನು ಕ್ಷಮಿಸುತ್ತಿದ್ದೆ, ಕವನ. ಅದು ನಿಜವಾಗಿತ್ತು.

ಇವತ್ತು ಬೆಳಿಗ್ಗೆ ತಟ್ಟೆಯ ಮೇಲೆ ಅರಿಶಿನದಲ್ಲಿ ನಾಗಪ್ಪನನ್ನು ಬರೆದು ಪೂಜೆ ಮಾಡಿದೆ. ಪಂಚಮಿಗೆ ಒಲೆಯ ಮೇಲೆ ಹೆಂಚು ಇಡುವ ಹಾಗಿಲ್ಲ, ಚಪಾತಿ ಇಲ್ಲ ಎಂದೆ. ದಿವ್ಯಶ್ರೀಯ ಮುಖ ಸಣ್ಣದಾಯಿತು. ಕಡುಬು ಬೇಯಿಸಿದೆ, ಹಾಲು ಉಗುರು ಬೆಚ್ಚಗೆ ಮಾಡಿದೆ. ಅಲ್ಲಿಯವರೆಗೆ ನಾನೂ ಬೆನ್ನು ತೊಳೆಯುವವಳೇ ಇದ್ದೆ, ಸುಳ್ಳು ಹೇಳುವುದಿಲ್ಲ. ಶಶಿ ಮೀಯುವ ಮನೆಯಲ್ಲಿ ಸ್ಟೂಲ್ ಹಾಕಿಕೊಂಡು, ಅಂಗಿ ಬಿಚ್ಚಿ, ನನಗೆ ಬೆನ್ನು ಮಾಡಿ ಕೂತ. ದಿವ್ಯಶ್ರೀ ಸ್ಟೇಟಸ್ಸಿಗೆ ಹಾಕಲು ಫೋನು ಹಿಡಿದು ನಿಂತಿದ್ದಳು. ಅದಕ್ಕೆ ನಾನು ಬೇಕಿತ್ತಲ್ಲ. "ಅಕ್ಕ, ಬೇಗ ಬಾ, ಕ್ಯಾಬ್ ಬಂದ್‌ಬಿಡುತ್ತೆ" ಎಂದ.

ಬಟ್ಟಲು ಹಿಡಿದು ಅವನ ಹಿಂದೆ ನಿಂತೆ. ಬಲಗಡೆ ಆ ಮಚ್ಚೆ ಹಾಗೇ ಇದೆ. ಬೆನ್ನು ಅಗಲವಾಗಿದೆ, ಅಷ್ಟೇ. ಕೈ ಮುಂದೆ ಹೋಗಲಿಲ್ಲ. ಮಾತು ತಾನಾಗಿ ಬಂತು, ಜೋರಾಗಿಯೂ ಅಲ್ಲ.

"ಅಕ್ಕಾ ಇಲ್ಲ ತಂಬಿ, ಸಮೈಯಲುಕ್ಕು ವಂದವಂಗ."

ಅವನು ತಿರುಗಲಿಲ್ಲ. ಕಿವಿಯ ಹಿಂಭಾಗ ಕೆಂಪಾದದ್ದು ಕಂಡಿತು. ದಿವ್ಯಶ್ರೀ ಫೋನು ಇಳಿಸಿ, "ಏನಂದ್ರು ಅಕ್ಕ?" ಎಂದು ಅವನನ್ನು ಕೇಳಿದಳು.

ಅವನು ಗೋಡೆಯನ್ನು ನೋಡುತ್ತಲೇ, "ಏನಿಲ್ಲ, ಹಾಲು ಕೆಟ್ಟಿದೆಯಂತೆ" ಎಂದು ಅಂಗಿ ಹಾಕಿಕೊಂಡ. ಆಮೇಲೆ ಎಲ್ಲರೂ ಕ್ಯಾಬ್ ಹತ್ತಿ ಮೀನಿನ ಮನೆ ನೋಡಲು ಹೋದರು. ತಿರುಗಿ ಬಂದು ಒಂದು ಮಾತು ಹೇಳುತ್ತಾನೇನೋ ಎಂದು ಬಾಗಿಲಲ್ಲಿ ನಿಂತಿದ್ದೆ. ಲಿಫ್ಟು ಕೆಳಗೆ ಹೋಯಿತು.

ಪಳನಿಯಮ್ಮನಿಗೆ ಮುರುಗೇಸನ್ ತಮ್ಮ ಮನೆಯ ದೇವರ ಗೂಡಿನ ವಿಭೂತಿ ಕೊಟ್ಟಿದ್ದಾರೆ. ಅದು ಬೆಟ್ಟದ್ದಲ್ಲ ಎಂದು ನಾನೇ ಹೇಳುತ್ತೇನೆ, ನೀನು ಹೇಳಬೇಡ. ಗುರುವಾರ ಸೋಗಾನೆಗೆ ಬಾ. ಅವರ ಕಾರಿನಲ್ಲಿ ಬರುವುದಿಲ್ಲ ನಾನು, ಇಬ್ಬರೂ ಬಸ್ಸಿನಲ್ಲೇ ಭದ್ರಾವತಿಗೆ ಹೋಗೋಣ.

ಈಗ ಮೇಲೆ ಹೋಗಬೇಕು, ಶಿವಯೋಗಪ್ಪನವರ ಕಾಫಿಯ ಹೊತ್ತಾಯಿತು. ಅದೇ ಹಾಲನ್ನು ಕಾಯಿಸಿ ಹಾಕುತ್ತೇನೆ. ಹಾಲು ಕೆಟ್ಟಿರಲಿಲ್ಲ.

ಅಮ್ಮ